ಕದಂಬಿ ಜಲಪಾತ ಮತ್ತು ಇರಾನಿನ ಶಾ

ಜೋಗದ ಮುಂದೆ ಕದಂಬಿ ಏನೂ ಅಲ್ಲ ಬಿಡಿ. ಜೋಗ 830 ಅಡಿ, ಇದು ಹೆಚ್ಚೆಂದರೆ ಮೂವತ್ತು. ಕುದುರೆಮುಖದಿಂದ ಕಾರ್ಕಳದ ಕಡೆ ಹೋಗುವಾಗ ರಸ್ತೆ ಪಕ್ಕದಲ್ಲೇ ಬೀಳುತ್ತದೆ, ಬಸ್ಸಿನ ಕಿಟಕಿಯಿಂದಲೇ ದರ್ಶನ. ಎಲ್ಲರೂ ಇದನ್ನು ದಾಟಿ ಹನುಮನಗುಂಡಿಗೆ ಓಡುತ್ತಾರೆ. ರಾಷ್ಟ್ರೀಯ ಉದ್ಯಾನವಾದ್ದರಿಂದ ಚೆಕ್‌ಪೋಸ್ಟಿನಲ್ಲಿ ಸಮಯ ಬರೆದ ಚೀಟಿ ಬೇರೆ ಕೊಟ್ಟಿರುತ್ತಾರೆ. ನಾನು ನೋಡಿದ್ದೂ ಐದು ನಿಮಿಷ, ಕಾರಿನೊಳಗಿಂದಲೇ :)

ಆದರೆ ಆ ಐದು ನಿಮಿಷದಲ್ಲಿ ತಲೆಗೆ ಹೊಕ್ಕ ಹುಳ ಬೇರೆ. ಇಷ್ಟು ದಟ್ಟ ಕಾಡಿನ ನಡುವೆ ಅಷ್ಟು ದೊಡ್ಡ ಟೌನ್‌ಶಿಪ್ ಯಾಕಿದೆ?

1913ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಇಲ್ಲಿ ಕಬ್ಬಿಣದ ಅದಿರು ಕಂಡುಹಿಡಿದರು. ಅದಿರು ಬೇಕಾದಷ್ಟಿತ್ತು, ಆದರೆ ಕಬ್ಬಿಣದ ಅಂಶ ಶೇ. 38ರ ಆಸುಪಾಸು. ಅರೆದು, ತೊಳೆದು ಸಾಂದ್ರಗೊಳಿಸದೆ ಮಾರುವ ಹಾಗಿಲ್ಲ. ಅದಕ್ಕೆ ಬೇಕಾದ ದುಡ್ಡು ಬಂದದ್ದು ಎಲ್ಲಿಂದ ಗೊತ್ತೇ? ಇರಾನಿನ ಶಾನಿಂದ! 1975ರ ಒಪ್ಪಂದದಲ್ಲಿ ಇರಾನ್ 63 ಕೋಟಿ ಡಾಲರ್ ಸಾಲ ಕೊಡಲು, ಅದಿರನ್ನೂ ತಾನೇ ಕೊಳ್ಳಲು ಒಪ್ಪಿತು. 1976ರಲ್ಲಿ ಕಂಪೆನಿ ಹುಟ್ಟಿತು. ಗುಡ್ಡ ಕಡಿದರು, ಲಖ್ಯಾ ಹೊಳೆಗೆ 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು, ಮಂಗಳೂರಿನವರೆಗೆ 67 ಕಿ.ಮೀ. ಪೈಪು ಎಳೆದರು. ಅದಿರನ್ನು ನೀರಲ್ಲಿ ಕದಡಿ ಘಟ್ಟ ಇಳಿಸುವ ಉಪಾಯ! ಇಂಜಿನಿಯರ್ ಆದ ನನಗೆ ಈ ಪೈಪಿನ ಮೇಲೆ ಮೆಚ್ಚುಗೆ ಇದ್ದೇ ಇದೆ, ಸುಳ್ಳು ಹೇಳಲಾರೆ.

1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಶಾ ದೇಶಬಿಟ್ಟ. ಸಾಲದ ಬಾಕಿ ಕಂತೂ ಬರಲಿಲ್ಲ, ಗಿರಾಕಿಯೂ ಹೋದ. ಆದರೂ 1980ರಲ್ಲಿ ಕಾರ್ಖಾನೆ ಶುರುವಾಯಿತು. ಬೇರೆ ಗಿರಾಕಿಗಳನ್ನು ಹುಡುಕಿದರು, 1987ರಲ್ಲಿ ಮಂಗಳೂರಿನಲ್ಲಿ ಅದಿರನ್ನು ಉಂಡೆ ಮಾಡುವ ಘಟಕವೂ ಬಂತು. ತಮಾಷೆಯೆಂದರೆ, ಅದೇ 1987ರಲ್ಲಿ ಸುತ್ತಲ ಕಾಡನ್ನು ರಾಷ್ಟ್ರೀಯ ಉದ್ಯಾನ ಅಂತಲೂ ಘೋಷಿಸಿದರು. ಒಂದೇ ಕಾಡಿಗೆ ಸಿಂಗಳೀಕವೂ ಬೇಕು, ಡೈನಮೈಟೂ ಬೇಕು!

ವರ್ಷಕ್ಕೆ 6000 ಮಿ.ಮೀ.ಗೂ ಹೆಚ್ಚು ಮಳೆ ಹೊಯ್ಯುವ ಜಾಗ ಇದು. ಬೋಳು ಗುಡ್ಡದ ಮಣ್ಣು ಭದ್ರಾ ನದಿಗೆ ಇಳಿಯತೊಡಗಿತು. ವನ್ಯಜೀವಿ ಹೋರಾಟಗಾರ ಕೆ. ಎಂ. ಚಿಣ್ಣಪ್ಪನವರೂ ಅವರ ಜೊತೆಗಾರರೂ ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು.

ತೀರ್ಪು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್ ಒಬ್ಬ ಆ ಊರಿನವನು. ಅವನಪ್ಪನದು ಅಲ್ಲಿ ಸಣ್ಣ ಕಿರಾಣಿ ಅಂಗಡಿ. ನೌಕರರಾದರೆ ವರ್ಗ ಮಾಡಿಸಿಕೊಂಡೋ ಪರಿಹಾರ ತಗೊಂಡೋ ಹೋದರು, ಅಂಗಡಿಯವನಿಗೆ ಯಾವ ವರ್ಗ? "ಸಾಲದ ಪುಸ್ತಕದಲ್ಲಿ ಹೆಸರಿದ್ದೋರೆಲ್ಲ ಒಂದೇ ವರ್ಷದಲ್ಲಿ ಲಾರಿ ಹತ್ತಿದ್ರು ಮಾರಾಯ" ಅನ್ನುತ್ತಿದ್ದ. ಅವರು ಕಳಸಕ್ಕೆ ಹೋಗಿ ಮೊದಲಿಂದ ಶುರು ಮಾಡಿದರಂತೆ. ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ, ನಿಮ್ಮ ಹತ್ತಿರ ಇದ್ದರೆ ಹೇಳಿ.

ಹೋಗುವುದಾದರೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹೋಗಿ, ಮಂಜೂ ಕಮ್ಮಿ, ನೀರೂ ಇರುತ್ತದೆ. ಪ್ಲಾಸ್ಟಿಕ್ ಎಸೆಯಬೇಡಿ. ಆ ಲಖ್ಯಾ ಅಣೆಕಟ್ಟಿನ ಹಿಂದೆ, ಅದಿರು ತೆಗೆದು ಉಳಿದ ಕೆಸರು ಇವತ್ತಿಗೂ ಹಾಗೇ ಕೂತಿದೆ.