ಗಾಲ್ಫ್ ಕ್ಲಬ್ಬಿನ ಸಾಧಾರಣ ಆಟಗಾರ: ಒಂದು ಐತಿಹಾಸಿಕ ಪರಿಶೀಲನೆ

ಕ್ರೀಡೆಗಳ ಇತಿಹಾಸವನ್ನು ಬರೆದವರಲ್ಲಿ ಬಹುಮಂದಿ ಗೆದ್ದವರ ಇತಿಹಾಸವನ್ನೇ ಬರೆದಿದ್ದಾರೆ. ಗಾಲ್ಫ್ ಆಟದ ವಿಷಯದಲ್ಲಿಯೂ ಇದು ನಿಜ. ಪ್ರಶಸ್ತಿಗಳ ಪಟ್ಟಿ, ವೀರರ ಚರಿತ್ರೆ, ಪ್ರಸಿದ್ಧ ಮೈದಾನಗಳ ವರ್ಣನೆ, ಇವುಗಳಿಂದ ಗ್ರಂಥಗಳು ತುಂಬಿವೆ. ಆದರೆ ವಾರಕ್ಕೊಮ್ಮೆ ಮೈದಾನಕ್ಕೆ ಹೋಗಿ, ಹತ್ತು ಹೊಡೆತಗಳಲ್ಲಿ ಒಂಬತ್ತನ್ನು ಕೆಡಿಸಿಕೊಂಡು, ಹೇಗೋ ಸರಿಯಾಗಿ ಬಿದ್ದ ಹತ್ತನೆಯದರ ಸವಿಯನ್ನು ಮನೆಗೆ ಕೊಂಡೊಯ್ಯುವ ಸಾಧಾರಣ ಸದಸ್ಯನಿಗೆ ಆ ಗ್ರಂಥಗಳಲ್ಲಿ ಸ್ಥಳವಿಲ್ಲ. ವಾಸ್ತವವಾಗಿ ಈ ಆಟದ ವ್ಯವಸ್ಥೆಯ ಬಹುಭಾಗವು ನಿರ್ಮಿತವಾದದ್ದು ಇವನ ನಿರಾಶೆಯನ್ನು ಸಹ್ಯವಾಗಿಸುವ ಸಲುವಾಗಿಯೇ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಆಟದ ಸ್ವರೂಪವನ್ನು ಅರಿಯದ ವಾಚಕರಿಗೆ ಎರಡು ಮಾತು ಹೇಳುವುದು ಅಗತ್ಯ. ನೆಲದ ಮೇಲೆ ನಿಶ್ಚಲವಾಗಿರುವ ಸಣ್ಣ ಚೆಂಡನ್ನು ಕೋಲಿನಿಂದ ಹೊಡೆಯುತ್ತ, ನೂರಾರು ಗಜಗಳ ಆಚೆ ಇರುವ ನಾಲ್ಕೂಕಾಲು ಅಂಗುಲ ಅಗಲದ ಕುಳಿಯೊಳಗೆ ಬೀಳಿಸಬೇಕು. ಇಂಥ ಹದಿನೆಂಟು ಕುಳಿಗಳು. ಗೆಲುವನ್ನು ಎಣಿಸುವ ಕ್ರಮ ಎರಡು. ಒಂದೊಂದು ಕುಳಿಯಲ್ಲಿಯೂ ಯಾರು ಗೆದ್ದರೆಂದು ನೋಡುವುದು ಹಳೆಯ ಕ್ರಮ; ಹದಿನೆಂಟು ಕುಳಿಗಳ ಹೊಡೆತಗಳನ್ನೆಲ್ಲ ಕೂಡಿಸಿ ಕಡಿಮೆ ಮೊತ್ತದವನನ್ನು ಗೆದ್ದವನೆನ್ನುವುದು ಅನಂತರದ್ದು. ಈ ಎರಡನೆಯ ಕ್ರಮವು ೧೭೫೯ರಲ್ಲಿ ಸೇಂಟ್ ಆಂಡ್ರೂಸ್‌ನಲ್ಲಿ ಕಂಡುಬರುತ್ತದೆ. ಕ್ರಿಕೆಟ್ಟಿನಲ್ಲಿ ಔಟಾದವನು ಎದುರಾಳಿಯ ಚೆಂಡನ್ನು ದೂರಬಹುದು. ಇಲ್ಲಿ ಚೆಂಡು ಕದಲದೆ ಕಾಯುತ್ತಿರುತ್ತದೆ, ಎದುರಾಳಿ ಕೈ ಹಾಕುವುದಿಲ್ಲ; ತಪ್ಪಿದರೆ ಹೊಣೆ ಪೂರ್ತಿಯಾಗಿ ತನ್ನದೇ. ಈ ಆಟದ ಕಹಿಗೆ ಮೂಲ ಇದು, ಸವಿಗೂ ಇದೇ.

ಸ್ಕಾಟ್ಲೆಂಡಿನ ಪಾರ್ಲಿಮೆಂಟು ೧೪೫೭ರಲ್ಲಿ, ಬಿಲ್ವಿದ್ಯೆಯ ಅಭ್ಯಾಸಕ್ಕೆ ಅಡ್ಡಿಯೆಂದು, ಫುಟ್‌ಬಾಲಿನೊಡನೆ ಗಾಲ್ಫನ್ನೂ ನಿಷೇಧಿಸಿತು. ೧೪೭೧ ಮತ್ತು ೧೪೯೧ರಲ್ಲಿ ಈ ಶಾಸನವನ್ನು ಪುನಃ ಹೊರಡಿಸಬೇಕಾಯಿತೆಂದರೆ ಪ್ರಜೆಗಳು ಅದನ್ನು ಎಷ್ಟರಮಟ್ಟಿಗೆ ಪಾಲಿಸಿದರೆಂಬುದನ್ನು ಊಹಿಸಬಹುದು. ೧೫೦೨ರಲ್ಲಿ ದೊರೆ ನಾಲ್ಕನೆಯ ಜೇಮ್ಸನೇ ಪರ್ತ್ ಪಟ್ಟಣದ ಬಿಲ್ಲು ತಯಾರಕನೊಬ್ಬನಿಂದ ಕೋಲುಗಳನ್ನು ಕೊಂಡುಕೊಂಡನು. ಆದರೆ ಸಾಧಾರಣ ಆಟಗಾರನ ಮನಸ್ಸು ನಮಗೆ ತೆರೆದು ಕಾಣುವುದು ಇದಾದ ಸುಮಾರು ಎರಡು ಶತಮಾನಗಳ ಅನಂತರ, ಎಡಿನ್‌ಬರೋದ ವೈದ್ಯವಿದ್ಯಾರ್ಥಿ ಥಾಮಸ್ ಕಿನ್‌ಕೇಡನ ದಿನಚರಿಯಲ್ಲಿ.

೧೬೮೭ನೆಯ ಇಸವಿಯ ಈ ದಿನಚರಿ ನನ್ನ ದೃಷ್ಟಿಯಲ್ಲಿ ಅಮೂಲ್ಯವಾದ ಆಧಾರ. ಕಿನ್‌ಕೇಡ್ ಊಟವಾದ ಮೇಲೆ ಆಡಲು ಹೋಗುತ್ತಾನೆ. ಹಿಂದಿರುಗಿ ಬಂದು, ಕಾಲುಗಳನ್ನು ಹೇಗಿಡಬೇಕು, ದೇಹವನ್ನು ಎಷ್ಟು ತಿರುಗಿಸಬೇಕು, ಕತ್ತಿವರಸೆಯ ನಿಲುವಿಗೂ ಇದಕ್ಕೂ ಏನು ಸಾದೃಶ್ಯ ಎಂದು ಬರೆದಿಡುತ್ತಾನೆ. ಇಂದು ಸರಿಹೋಯಿತೆಂದು ತೋರಿದ ಹೊಡೆತ ನಾಳೆ ಕೈಗೆ ಹತ್ತದೆ ಹೋಗುವ ಅನುಭವವುಳ್ಳವರು ಮಾತ್ರ ಹೀಗೆ ಬರೆಯಬಲ್ಲರು. ಇದಕ್ಕಿಂತಲೂ ಮುಖ್ಯವಾದುದು ಅವನು ಎತ್ತಿದ ಒಂದು ಪ್ರಶ್ನೆ. ಬಲ್ಲವನೂ ಬಾರದವನೂ ಪಣವೊಡ್ಡಿ ಆಡುವಾಗ ಯಾವುದು ಮೇಲು? ಪಣವನ್ನು ಸಮವಾಗಿಟ್ಟು ಮೂರು ಕುಳಿಗಳಲ್ಲಿ ಎರಡನ್ನು ದುರ್ಬಲನಿಗೆ ಬಿಟ್ಟುಕೊಡುವುದೋ, ಅಥವಾ ಆಟವನ್ನು ಇದ್ದಂತೆಯೇ ಇಟ್ಟು ಅವನ ಒಂದು ಪಣಕ್ಕೆ ಎದುರಾಗಿ ಮೂರನ್ನು ಒಡ್ಡುವುದೋ? ಹ್ಯಾಂಡಿಕ್ಯಾಪ್ ಎಂದು ಇಂದು ನಾವು ಕರೆಯುವ ವ್ಯವಸ್ಥೆಯ ಬೀಜವು ಈ ಪ್ರಶ್ನೆಯಲ್ಲಿದೆ.

ನಮ್ಮ ಹಳ್ಳಿಯ ಮಕ್ಕಳಿಗೂ ಈ ಸಮಸ್ಯೆ ಪರಿಚಿತವೇ. ಓಡಲಾರದ ಎಳೆಯ ಮಗುವು ಅಳುತ್ತ ಬಂದರೆ, ಹಿರಿಯ ಹುಡುಗರು ಅದನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತಾರೆ. ಇದು ದಯೆ, ಸಮಾನತೆಯಲ್ಲ. ಬಾರದವನನ್ನು ಆಟಕ್ಕೆ ಮಾತ್ರವಲ್ಲದೆ ಲೆಕ್ಕಕ್ಕೂ ತಂದುಕೊಳ್ಳುವುದು ಹೇಗೆಂಬುದೇ ಕಿನ್‌ಕೇಡನ ಚಿಂತೆ. ಗಾಲ್ಫ್ ಕ್ಲಬ್ಬುಗಳು ಮುಂದೆ ಮೂರು ಶತಮಾನಗಳ ಕಾಲ ಬಿಡಿಸುತ್ತ ಬಂದ ಲೆಕ್ಕವೂ ಇದೇ.

೧೭೪೪ರಲ್ಲಿ ಎಡಿನ್‌ಬರೋ ನಗರವು ಬೆಳ್ಳಿಯ ಕೋಲೊಂದನ್ನು ಬಹುಮಾನವಾಗಿ ಕೊಡಲೊಪ್ಪಿದಾಗ, ಲೀತ್ ಮೈದಾನದ ಆಟಗಾರರು ಹದಿಮೂರು ನಿಯಮಗಳನ್ನು ಬರೆದಿಟ್ಟರು. ನಮಗೆ ದೊರೆತಿರುವ ಲಿಖಿತ ನಿಯಮಗಳಲ್ಲಿ ಇವೇ ಪ್ರಾಚೀನವಾದವು. ಓದಿ ನೋಡಿದರೆ ಇವು ಜಾಣರ ಆಟಕ್ಕಾಗಿ ಬರೆದವಲ್ಲವೆಂಬುದು ಸ್ಪಷ್ಟವಾಗುತ್ತದೆ. ಚೆಂಡು ನೀರಿಗೆ ಬಿದ್ದರೆ ಏನು ಮಾಡಬೇಕು, ಕಳೆದುಹೋದರೆ ಏನು, ಎರಡು ಚೆಂಡುಗಳು ಒಂದಕ್ಕೊಂದು ತಾಗಿ ನಿಂತರೆ ಏನು, ಮನುಷ್ಯನೋ ಕುದುರೆಯೋ ನಾಯಿಯೋ ಚೆಂಡನ್ನು ತಡೆದರೆ ಏನು, ಬೀಸುವಾಗ ಕೋಲು ಮುರಿದರೆ ಏನು: ಹೀಗೆ ಅನರ್ಥಗಳ ಪಟ್ಟಿಯೇ ಇದೆ. ಚೆಂಡನ್ನು ಕಳೆದುಕೊಂಡವನು ಹೊಡೆದ ಸ್ಥಳಕ್ಕೆ ಹಿಂದಿರುಗಿ, ತನ್ನ ದುರದೃಷ್ಟಕ್ಕಾಗಿ ಎದುರಾಳಿಗೆ ಒಂದು ಹೊಡೆತವನ್ನು ಒಪ್ಪಿಸಬೇಕಂತೆ. ಹುಲ್ಲಿನಲ್ಲಿ ಚೆಂಡನ್ನು ಹುಡುಕಿ ಬೇಸತ್ತವರು ಬರೆದ ಶಾಸನವಿದು. ಆ ವರ್ಷದ ಬೆಳ್ಳಿಯ ಕೋಲನ್ನು ಗೆದ್ದವನು ಜಾನ್ ರ‍್ಯಾಟ್ರೇ ಎಂಬ ಶಸ್ತ್ರವೈದ್ಯ. ಮರುವರ್ಷದ ಜಾಕೊಬೈಟ್ ದಂಗೆಯಲ್ಲಿ ಅವನು ದಂಗೆಕಾರರ ಸೇನೆಗೆ ವೈದ್ಯನಾಗಿ ಹೋಗಿ, ೧೭೪೬ರಲ್ಲಿ ಕಲೋಡನ್ ಕಾಳಗದ ಅನಂತರ ಸೆರೆಯಾದನು. ಅವನ ತಲೆ ಉಳಿದದ್ದು ಡಂಕನ್ ಫೋರ್ಬ್ಸ್ ಎಂಬ ಮುಖ್ಯ ನ್ಯಾಯಾಧೀಶನ ಮಧ್ಯಸ್ಥಿಕೆಯಿಂದ. ಆ ನ್ಯಾಯಾಧೀಶನೂ ಲೀತ್ ಮೈದಾನದ ಆಟಗಾರನೇ.

ಆಗಿನ ಚೆಂಡು ತೊಗಲಿನದು; ಒಳಗೆ ಬೇಯಿಸಿದ ಗರಿಗಳನ್ನು ಒತ್ತಿ ತುಂಬಿ ಹೊಲಿಯುತ್ತಿದ್ದರು. ನುರಿತ ಕೆಲಸಗಾರನೂ ದಿನಕ್ಕೆ ಮಾಡಬಲ್ಲುದು ಮೂರು ನಾಲ್ಕು ಮಾತ್ರ. ಮಳೆಯಲ್ಲಿ ನೆನೆದರೆ ಕೆಲಸಕ್ಕೆ ಬಾರದು, ಕೋಲಿನ ಕಬ್ಬಿಣ ತಗುಲಿದರೆ ಸೀಳುವುದು. ಬೆಲೆಯೋ ಬಡವನಿಗೆ ನಿಲುಕದ್ದು. ೧೮೪೮ರ ಸುಮಾರಿಗೆ ಮಲಯಾ ಕಡೆಯ ಗಟ್ಟಾಪರ್ಚಾ ಎಂಬ ಮರದ ಅಂಟಿನಿಂದ ಚೆಂಡನ್ನು ಎರಕ ಹೊಯ್ಯುವ ಕ್ರಮ ಬಂದಿತು, ಚೆಂಡು ಅಗ್ಗವಾಯಿತು. ಗರಿಚೆಂಡು ತಯಾರಕರಲ್ಲಿ ಅಗ್ರಗಣ್ಯನಾಗಿದ್ದ ಅಲನ್ ರಾಬರ್ಟ್‌ಸನ್ ಇದನ್ನು ಕಂಡು ಕೆರಳಿದನು; ಇದೇ ಕಾರಣದಿಂದ ಅವನಿಗೂ ಅವನ ಸಹಾಯಕ ಟಾಮ್ ಮಾರಿಸನಿಗೂ ವಿರಸ ಬೆಳೆದು ಅವರು ಬೇರೆಯಾದರು. ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ಹೊಸದಾಗಿ ನುಣುಪಾಗಿದ್ದ ಅಂಟುಚೆಂಡು ಸರಿಯಾಗಿ ಹಾರುತ್ತಿರಲಿಲ್ಲ. ತಪ್ಪು ಹೊಡೆತಗಳಿಂದ ಮೈಯೆಲ್ಲ ಗಾಯವಾದ ಹಳೆಯ ಚೆಂಡೇ ಚೆನ್ನಾಗಿ ಹಾರುತ್ತಿತ್ತು. ಇದನ್ನು ಗಮನಿಸಿಯೇ ಅನಂತರ ಚೆಂಡಿನ ಮೇಲೆ ಬೇಕೆಂದೇ ಗೀರು ಹಾಕತೊಡಗಿದರು. ಒರಟು ಕೈಯವರೂ ಆಟಕ್ಕೆ ಏನನ್ನೋ ಕೊಟ್ಟಂತಾಯಿತು!

ಅಗ್ಗದ ಚೆಂಡು, ರೈಲುದಾರಿ, ಶನಿವಾರದ ಅರ್ಧ ದಿನದ ರಜೆ ಇವುಗಳಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗಾಲ್ಫ್ ಸ್ಕಾಟ್ಲೆಂಡಿನಿಂದ ಇಂಗ್ಲೆಂಡಿಗೆ ವೇಗವಾಗಿ ಹಬ್ಬಿತು. ೧೯೧೪ರ ಹೊತ್ತಿಗೆ ಬ್ರಿಟಿಷ್ ದ್ವೀಪಗಳಲ್ಲಿ ಕ್ಲಬ್ಬುಗಳ ಸಂಖ್ಯೆ ಸಾವಿರವನ್ನು ಮೀರಿತ್ತು. ವಕೀಲರು, ವರ್ತಕರು, ವೈದ್ಯರು, ನಡುವಯಸ್ಸಿನಲ್ಲಿ ಮೊದಲ ಬಾರಿಗೆ ಕೋಲು ಹಿಡಿದವರು ಇವುಗಳ ಸದಸ್ಯರಾದರು. ಹಳೆಯ ಸ್ಕಾಟಿಷ್ ಪದ್ಧತಿಯಂತೆ, ಎರಡು ಕುಳಿಗೊಮ್ಮೆ ಅಥವಾ ಮೂರು ಕುಳಿಗೊಮ್ಮೆ ಒಂದು ಹೊಡೆತವನ್ನು ಬಿಟ್ಟುಕೊಡುವುದೆಂದು ಇಬ್ಬರು ಸ್ನೇಹಿತರು ಮಾತಾಡಿಕೊಂಡರೆ ಈಗ ಸಾಲದಾಯಿತು. ಪ್ರತಿಯೊಬ್ಬನಿಗೂ ಇಷ್ಟು ಹೊಡೆತಗಳೆಂದು ಕ್ಲಬ್ಬೇ ಗೊತ್ತುಮಾಡಬೇಕಾಯಿತು. ಆದರೆ ಒಂದೊಂದು ಕ್ಲಬ್ಬಿನ ಅಳತೆ ಒಂದೊಂದು. ಊರಿನಿಂದ ಊರಿಗೆ ಸೇರು ಬಳ್ಳಗಳ ಅಳತೆ ಬದಲಾಗುತ್ತಿದ್ದ ಕಾಲವನ್ನು ನೆನೆದರೆ ಇದರಿಂದಾದ ಜಗಳಗಳನ್ನು ಊಹಿಸಿಕೊಳ್ಳಬಹುದು.

ಈ ತೊಡಕನ್ನು ಮೊದಲು ಬಿಡಿಸಿದವರು ಪುರುಷರಲ್ಲ. ಸೇಂಟ್ ಆಂಡ್ರೂಸ್‌ನಲ್ಲಿ ೧೮೬೭ರಲ್ಲಿಯೇ ಮಹಿಳೆಯರ ಕ್ಲಬ್ ಸ್ಥಾಪಿತವಾಗಿತ್ತು. ಆದರೆ ತೋಳನ್ನೆತ್ತಿ ಬೀಸುವುದು ಸ್ತ್ರೀಯರಿಗೆ ಶೋಭಿಸದೆಂಬ ಭಾವನೆಯಿಂದ ಅವರಿಗೆ ಕುಳಿಯ ಬಳಿಯ ಕಿರುಹೊಡೆತದ ಆಟ ಮಾತ್ರ ಮೀಸಲಾಯಿತು. ಅವರಿಗೆ ಬಿಟ್ಟ ಏರುತಗ್ಗಿನ ಆ ಸಣ್ಣ ಅಂಗಳಕ್ಕೆ ‘ಹಿಮಾಲಯ’ವೆಂಬ ಹೆಸರು ಇಂದಿಗೂ ಇದೆ. ೧೮೯೩ರಲ್ಲಿ ಇಸೆಟ್ ಪಿಯರ್ಸನ್ ಎಂಬಾಕೆ, ಲೇಡ್ಲಾ ಪರ್ವಿಸ್ ಎಂಬ ವೈದ್ಯನ ನೆರವಿನಿಂದ, ಲೇಡೀಸ್ ಗಾಲ್ಫ್ ಯೂನಿಯನ್ ಎಂಬ ಸಂಘವನ್ನು ಕಟ್ಟಿದಳು. ಯಾವ ಕ್ಲಬ್ಬಿಗೆ ಹೋದರೂ ಸಲ್ಲುವಂಥ ಒಂದೇ ಹ್ಯಾಂಡಿಕ್ಯಾಪ್ ಅಳತೆಯನ್ನು ಪಟ್ಟುಹಿಡಿದು ಜಾರಿಗೆ ತಂದ ಕೀರ್ತಿ ಈ ಸಂಘದ್ದು. ಪುರುಷರ ಸಂಘಗಳು ಇದಕ್ಕಾಗಿ ಒಂದು ಜಂಟಿ ಸಮಿತಿಯನ್ನು ರಚಿಸಿಕೊಳ್ಳಲು ೧೯೨೪ರವರೆಗೆ ಕಾಯಬೇಕಾಯಿತು.

ಇಷ್ಟರಲ್ಲಿ ಇನ್ನೊಂದು ಉಪಾಯ ಹುಟ್ಟಿತ್ತು. ೧೮೯೦ರಲ್ಲಿ ಕವೆಂಟ್ರಿಯ ಹ್ಯೂ ರಾದರ್‌ಹ್ಯಾಮ್ ಎಂಬುವನು, ತಪ್ಪಿಲ್ಲದೆ ಆಡುವ ಒಳ್ಳೆಯ ಆಟಗಾರನಿಗೆ ಪ್ರತಿಯೊಂದು ಕುಳಿಗೂ ಎಷ್ಟು ಹೊಡೆತ ಬೇಕೆಂದು ಮೊದಲೇ ಗೊತ್ತುಮಾಡಿ, ಸದಸ್ಯರು ಆ ಸಂಖ್ಯೆಯ ವಿರುದ್ಧವೇ ಆಡಬಹುದೆಂದು ಸೂಚಿಸಿದನು. ಗ್ರೇಟ್ ಯಾರ್ಮತ್ ಕ್ಲಬ್ಬಿನ ಕಾರ್ಯದರ್ಶಿ ಡಾಕ್ಟರ್ ಬ್ರೌನ್ ಇದನ್ನು ಅಲ್ಲಿ ಆಚರಣೆಗೆ ತಂದನು. ಎಂದೂ ತಪ್ಪದ ಈ ಅದೃಶ್ಯ ಎದುರಾಳಿಯಿಂದ ಸೋತ ಸದಸ್ಯನೊಬ್ಬನು, ಆಗ ಜನಪ್ರಿಯವಾಗಿದ್ದ ಹಾಡೊಂದರ ಗುಮ್ಮನ ಹೆಸರನ್ನು ಅವನಿಗಿಟ್ಟನು. ಹೀಗೆ ‘ಬೋಗಿ’ ಹುಟ್ಟಿದನು. ೧೮೯೨ರಲ್ಲಿ ಗಾಸ್‌ಪೋರ್ಟಿನ ಸೈನಿಕರ ಕ್ಲಬ್ಬಿನಲ್ಲಿ, ಪದವಿಯಿಲ್ಲದವರಿಗೆ ಸದಸ್ಯತ್ವವಿಲ್ಲವೆಂಬ ಕಾರಣದಿಂದ, ಅವನಿಗೆ ಕರ್ನಲ್ ಪದವಿಯನ್ನೂ ದಯಪಾಲಿಸಿದರು! ಕರ್ನಲ್ ಬೋಗಿಯ ವಿರುದ್ಧ ಆಡುವುದರಲ್ಲಿ ಒಂದು ಸಮಾಧಾನವಿತ್ತು. ಒಂದು ಕುಳಿಯಲ್ಲಿ ಎಷ್ಟೇ ಕೆಟ್ಟರೂ ನಷ್ಟ ಆ ಕುಳಿಯದು ಮಾತ್ರ. ಮುಂದಿನದನ್ನು ಹೊಸದಾಗಿ ಆಡಬಹುದು. ಕಾಲಕ್ರಮದಲ್ಲಿ ಚೆಂಡೂ ಕೋಲೂ ಉತ್ತಮಗೊಂಡು ಜಾಣರ ಮಟ್ಟ ಏರಿತು. ಇಂದು ‘ಬೋಗಿ’ ಎಂದರೆ ನಿಗದಿಗಿಂತ ಒಂದು ಹೊಡೆತ ಹೆಚ್ಚು ತೆಗೆದುಕೊಂಡದ್ದೆಂದು ಅರ್ಥ. ಕರ್ನಲನೂ ಕೊನೆಗೆ ಸಾಧಾರಣ ಆಟಗಾರನ ಮಟ್ಟಕ್ಕೆ ಇಳಿದನು.

ಇಲ್ಲಿಗೆ ಎಲ್ಲರೂ ಲೆಕ್ಕಕ್ಕೆ ಬಂದರೆಂದು ಭಾವಿಸಿದರೆ ತಪ್ಪಾಗುತ್ತದೆ. ಆಟ ಬಾರದ ಸದಸ್ಯನನ್ನು ಇಷ್ಟೊಂದು ಆದರದಿಂದ ಸೇರಿಸಿಕೊಂಡ ಅದೇ ಕ್ಲಬ್ಬುಗಳು ಆಟ ಬಲ್ಲ ಬಡವನನ್ನು ಹೊರಗಿರಿಸಿದವು. ೧೮೮೫ರಲ್ಲಿ ಹಾಯ್‌ಲೇಕ್‌ನಲ್ಲಿ ಹವ್ಯಾಸಿಗಳ ಮೊದಲ ಚಾಂಪಿಯನ್‌ಷಿಪ್ ನಡೆದಾಗ, ಡಗ್ಲಸ್ ರೋಲೆಂಡ್ ಎಂಬ ಕಲ್ಲುಕುಟಿಗನ ಪ್ರವೇಶವನ್ನು ತಿರಸ್ಕರಿಸಲಾಯಿತು. ಹಿಂದಿನ ವರ್ಷ ಓಪನ್ ಪಂದ್ಯದಲ್ಲಿ ಎರಡನೆಯವನಾಗಿ ಬಹುಮಾನದ ಹಣ ಪಡೆದದ್ದು ಅವನ ಅಪರಾಧ. ಹಾಯ್‌ಲೇಕ್‌ನವನೇ ಆದ ಜಾನ್ ಬಾಲ್ ೧೮೭೮ರಲ್ಲಿ, ಹುಡುಗನಾಗಿದ್ದಾಗ, ಇಂಥದೇ ಅಲ್ಪ ಬಹುಮಾನವನ್ನು ಪಡೆದಿದ್ದನು. ಅವನಿಗೆ ಮಾತ್ರ ಅಡ್ಡಿ ಬರಲಿಲ್ಲ. ನಿಯಮವು ಹಣವನ್ನು ನೋಡಿತೋ ಕುಲವನ್ನು ನೋಡಿತೋ ವಾಚಕರೇ ನಿರ್ಣಯಿಸಬಹುದು. ಇಂಗ್ಲೆಂಡಿನ ಡೆವನ್ ಪ್ರಾಂತದ ನಾರ್ದಮ್‌ನಲ್ಲಿ ೧೮೮೮ರಲ್ಲಿ ಕೆಲಸಗಾರರು ತಮ್ಮದೇ ಕ್ಲಬ್ಬನ್ನು ಸ್ಥಾಪಿಸಿಕೊಂಡರು. ಶ್ರೀಮಂತರ ಚೀಲ ಹೊತ್ತು ಬೆಳೆದ ಜೆ. ಎಚ್. ಟೇಲರ್ ಆ ಗುಂಪಿನವನು; ೧೮೯೪ರಲ್ಲಿ ಓಪನ್ ಪ್ರಶಸ್ತಿಯನ್ನೇ ಗೆದ್ದನು. ಅನೇಕ ಕಡೆ ಇಂಥ ಕುಶಲಕರ್ಮಿಗಳು ಮೈದಾನದ ಕೆಲಸವನ್ನು ಮಾಡಿಕೊಟ್ಟು, ಸದಸ್ಯರು ಬಾರದ ಹೊತ್ತಿನಲ್ಲಿ ಆಡುವ ಹಕ್ಕನ್ನು ಪಡೆಯುತ್ತಿದ್ದರು.

ಬ್ರಿಟಿಷರೊಡನೆ ಈ ವ್ಯವಸ್ಥೆ ನಮ್ಮ ದೇಶಕ್ಕೂ ಬಂದಿತು. ಕಲ್ಕತ್ತೆಯ ಕ್ಲಬ್ ೧೮೨೯ರದು. ಬೆಂಗಳೂರಿನ ಹೈಗ್ರೌಂಡ್ಸ್ ಭಾಗದಲ್ಲಿರುವ ಕ್ಲಬ್ ೧೮೭೬ರದು. ಇಂಥ ಕ್ಲಬ್ಬುಗಳಿಗೆ ಭಾರತೀಯರು ಮೊದಲು ಪ್ರವೇಶಿಸಿದ್ದು ಚೀಲ ಹೊರುವವರಾಗಿ, ಸದಸ್ಯರಾದದ್ದು ಬಹುಕಾಲದ ಮೇಲೆ. ೧೯೯೧ರಲ್ಲಿ ಇಂಡಿಯನ್ ಓಪನ್ ಗೆದ್ದ ಅಲಿ ಶೇರ್ ದೆಹಲಿಯ ಕ್ಲಬ್ಬಿನಲ್ಲಿ ಚೀಲ ಹೊತ್ತು ಆಟ ಕಲಿತವರು.

ಸಾಧಾರಣ ಸದಸ್ಯನ ವಿಷಯಕ್ಕೆ ಹಿಂದಿರುಗೋಣ. ಒಟ್ಟು ಹೊಡೆತಗಳನ್ನು ಕೂಡಿಸುವ ಪಂದ್ಯದಲ್ಲಿ ಅವನ ಗೋಳು ಹಾಗೆಯೇ ಉಳಿದಿತ್ತು. ಎರಡನೆಯ ಕುಳಿಯಲ್ಲಿ ಮರಳುಗುಂಡಿಗೆ ಬಿದ್ದು ಹತ್ತು ಹೊಡೆತ ಕಳೆದವನಿಗೆ ಉಳಿದ ಹದಿನಾರು ಕುಳಿಗಳು ಬರಿಯ ಕಾಲುನಡಿಗೆ. ಎಣಿಕೆಯ ಚೀಟಿಯನ್ನು ಹರಿದೆಸೆದು ಮನೆಗೆ ನಡೆಯುವುದು ಎಲ್ಲ ಕ್ಲಬ್ಬುಗಳಲ್ಲಿಯೂ ನಿತ್ಯದ ದೃಶ್ಯವಾಗಿತ್ತು. ಇದಕ್ಕೆ ಮದ್ದು ಕಂಡುಹಿಡಿದವನು ಫ್ರ್ಯಾಂಕ್ ಸ್ಟೇಬಲ್‌ಫೋರ್ಡ್ ಎಂಬ ಶಸ್ತ್ರವೈದ್ಯ. ಕಿನ್‌ಕೇಡ್, ರ‍್ಯಾಟ್ರೇ, ಪರ್ವಿಸ್, ಬ್ರೌನ್, ಈಗ ಸ್ಟೇಬಲ್‌ಫೋರ್ಡ್: ಈ ಕಥೆಯಲ್ಲಿ ವೈದ್ಯರು ಪದೇ ಪದೇ ಬರುವುದು ಕಾಕತಾಳೀಯವೇ ಇರಬಹುದು, ಆದರೂ ಗಮನಿಸದೆ ಇರಲಾಗದು. ೧೮೯೮ರಲ್ಲಿ ವೇಲ್ಸಿನ ಪೆನಾರ್ತ್‌ನಲ್ಲಿ ಅವನ ಪದ್ಧತಿಯ ಮೊದಲ ಪ್ರಯೋಗ ನಡೆಯಿತು, ಅದು ಬೇರೂರಲಿಲ್ಲ. ಮೂರು ದಶಕಗಳ ಅನಂತರ ಲಿವರ್‌ಪೂಲ್ ಸಮೀಪದ ವಾಲಸಿಯಲ್ಲಿ, ಸಮುದ್ರದ ಗಾಳಿಗೆದುರಾಗಿ ಉದ್ದದ ಕುಳಿಗಳನ್ನು ಮುಟ್ಟಲಾರದೆ ಬೇಸತ್ತಾಗ, ಅವನು ಅದನ್ನು ಪುನಃ ಕೈಗೆತ್ತಿಕೊಂಡನು. ೧೯೩೨ರ ಮೇ ೧೬ರಂದು ಅಲ್ಲಿ ಪಂದ್ಯ ನಡೆಯಿತು.

ಇಂದು ರೂಢಿಯಲ್ಲಿರುವ ಕ್ರಮ ಹೀಗಿದೆ. ಹ್ಯಾಂಡಿಕ್ಯಾಪನ್ನು ಕಳೆದ ಮೇಲೆ, ನಿಗದಿಯಾದ ಸಂಖ್ಯೆಗೆ ಸಮನಾಗಿ ಆಡಿದರೆ ಎರಡು ಅಂಕ, ಒಂದು ಹೊಡೆತ ಹೆಚ್ಚಾದರೆ ಒಂದು, ಒಂದು ಕಡಿಮೆಯಾದರೆ ಮೂರು. ಅದಕ್ಕಿಂತ ಎಷ್ಟೇ ಕೆಟ್ಟರೂ ಸೊನ್ನೆಯೇ ಹೊರತು ಸೊನ್ನೆಯ ಕೆಳಗಿಲ್ಲ. ಕೆಟ್ಟ ಕುಳಿಯಲ್ಲಿ ಚೆಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡು ಮುಂದಕ್ಕೆ ನಡೆಯಬಹುದು. ಹಿಂದೆ ಕಾಯುವವರ ಹೊತ್ತೂ ಉಳಿಯುತ್ತದೆ. ೨೦೨೦ರಲ್ಲಿ ಜಾಗತಿಕ ಹ್ಯಾಂಡಿಕ್ಯಾಪ್ ಪದ್ಧತಿಯು ಜಾರಿಗೆ ಬಂದಿತು. ಅದರಂತೆ ಆಟಗಾರನ ಇತ್ತೀಚಿನ ೨೦ ಎಣಿಕೆಗಳಲ್ಲಿ ಅತ್ಯುತ್ತಮವಾದ ೮ನ್ನು ಮಾತ್ರ ಆರಿಸಿ ಸರಾಸರಿ ತೆಗೆಯುತ್ತಾರೆ. ಉಳಿದ ೧೨ನ್ನು ಎಣಿಸುವುದಿಲ್ಲ.