ಹೊರರೋಗಿ ಚಿಕಿತ್ಸೆಯಲ್ಲಿ ಸೂಜಿ ಮತ್ತು ಮಾತ್ರೆ: ಮೈಸೂರು ಜಿಲ್ಲೆಯ ನಾಲ್ಕು ತಾಲ್ಲೂಕುಗಳು

ಆಸ್ಪತ್ರೆಗೆ ತೋರಿಸಿಕೊಂಡು ಅದೇ ದಿನ ಮನೆಗೆ ಮರಳುವ ರೋಗಿಗೆ ಔಷಧವನ್ನು ಸೂಜಿಯಲ್ಲಿ ಕೊಡಬೇಕೆ, ಬಾಯಿಯ ಮೂಲಕವೆ ಎಂಬ ಆಯ್ಕೆ ಇದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಯಲ್ಲಿ (ಸಾಲಿಗ್ರಾಮ, ಸರಗೂರು ಈಗ ಪ್ರತ್ಯೇಕ ತಾಲ್ಲೂಕುಗಳು) ಈ ಆಯ್ಕೆಯಲ್ಲಿ ವೈದ್ಯಶಾಸ್ತ್ರದ ಜೊತೆಗೆ ಕೂಲಿಯ ಲೆಕ್ಕವೂ ಸೇರುತ್ತದೆ.

ಹಿನ್ನೆಲೆ

ಹುಣಸೂರು, ಪಿರಿಯಾಪಟ್ಟಣದ ತಂಬಾಕು, ಕೆ.ಆರ್. ನಗರದ ಭತ್ತ, ಎಚ್.ಡಿ. ಕೋಟೆಯ ಆದಿವಾಸಿ ಹಾಡಿಗಳಿಂದ ಕೊಡಗಿನ ಕಾಫಿ ತೋಟಕ್ಕೆ ಹೋಗುವ ಕೂಲಿ: ಮಲಗಿದ ದಿನ ಸಂಪಾದನೆಯಿಲ್ಲ. ‘ಒಂದು ಇಂಜೆಕ್ಷನ್ ಹಾಕ್ಬುಡಿ ಸಾರ್, ನಾಳೆ ಕೆಲ್ಸಕ್ಕೆ ಹೋಗ್ಬೇಕು’ ಎಂಬ ಬೇಡಿಕೆಯ ಮೂಲ ಇದು. ಸೂಜಿ ಹಾಕದ ವೈದ್ಯರಿಗೆ ‘ಕೈಗುಣ’ ಇಲ್ಲವೆನ್ನುವುದೂ ಉಂಟು.

ಇತಿಹಾಸ

ಸೂಜಿಯೇ ಹೆಚ್ಚು ಪರಿಣಾಮಕಾರಿ ಎಂಬ ಈ ನಂಬಿಕೆಗೆ ಕಾರಣವಿತ್ತು. ಪೆನಿಸಿಲಿನ್ ಮೊದಲಿಗೆ ಬಹುಮಟ್ಟಿಗೆ ಸೂಜಿಯಲ್ಲೇ ಬಂತು. 1943ರಲ್ಲಿ ಪತ್ತೆಯಾದ ಸ್ಟ್ರೆಪ್ಟೊಮೈಸಿನ್ ಬಾಯಿಯ ಮೂಲಕ ರಕ್ತಕ್ಕೆ ಸೇರದು. ಕ್ಷಯರೋಗಿಗೆ ಅದನ್ನು ತಿಂಗಳುಗಟ್ಟಲೆ ಚುಚ್ಚಬೇಕಿತ್ತು. ಮದ್ರಾಸಿನಲ್ಲಿ 1956ರಲ್ಲಿ ಆರಂಭವಾದ ಅಧ್ಯಯನವೊಂದು, ಮನೆಯಲ್ಲೇ ಮಾತ್ರೆ ನುಂಗಿದವರೂ ಸ್ಯಾನಟೋರಿಯಂನಲ್ಲಿದ್ದವರಿಗೆ ಸರಿಸಮನಾಗಿ ಚೇತರಿಸಿಕೊಂಡದ್ದನ್ನು ತೋರಿಸಿತು. ಸಾಮಾನ್ಯ ಕ್ಷಯಕ್ಕೆ ಇಂದು ಮಾತ್ರೆಗಳೇ ಸಾಕು. ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಭಯ ಹುಟ್ಟಿಸಿದ ಹಳೆಯ ಲಸಿಕೆ ಭಾರತದಲ್ಲಿ 2004ರ ಕೊನೆಗೆ ನಿಂತಿತು; ಮಾತು ಮಾತ್ರ ಇನ್ನೂ ಉಳಿದಿದೆ.

ಅಳತೆ

ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ರೂಪಿಸಿದ ಔಷಧ ಬಳಕೆ ಸೂಚಕಗಳಲ್ಲಿ ‘ಇಂಜೆಕ್ಷನ್ ಬರೆದ ಭೇಟಿಗಳ ಶೇಕಡಾವಾರು’ ಒಂದು. ಎಣಿಸುವುದು ಭೇಟಿಯನ್ನು, ಸೂಜಿಯನ್ನಲ್ಲ. 30 ಚೀಟಿಗಳಲ್ಲಿ 9ರಲ್ಲಿ ಇಂಜೆಕ್ಷನ್ ಇದ್ದರೆ ಶೇ. 30, ಒಂದೇ ಚೀಟಿಯಲ್ಲಿ ಡೈಕ್ಲೊಫೆನಾಕ್, ರ‍್ಯಾನಿಟಿಡಿನ್ ಎರಡಿದ್ದರೂ ಲೆಕ್ಕ ಒಂದೇ. ಲಸಿಕೆ ಇದರಲ್ಲಿ ಸೇರದು. ಕನಿಷ್ಠ 20 ಆರೋಗ್ಯ ಕೇಂದ್ರ, ತಲಾ 30 ಭೇಟಿ, ಒಟ್ಟು 600 ಎಂಬುದು ಕ್ರಮ. ಚೀಟಿಗಳನ್ನು ವರ್ಷವಿಡೀ ಹರಡಿ ಆರಿಸಬೇಕು. ಮಳೆಗಾಲದ ಜ್ವರದ ಒಂದೇ ತಿಂಗಳನ್ನು ಹಿಡಿದರೆ ಲೆಕ್ಕ ವಾಲುತ್ತದೆ. ಈ ಅಳತೆಗೆ ಮಿತಿಯೂ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೊರರೋಗಿ ಪುಸ್ತಕ ಸಿಗುತ್ತದೆ. ಪೇಟೆಯ ಸಣ್ಣ ಕ್ಲಿನಿಕ್ಕಿನಲ್ಲಿ ಸೂಜಿ ಹಾಕಿ ಮಾತ್ರೆಯನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿಕೊಟ್ಟರೆ ಎಣಿಸಲು ಚೀಟಿಯೇ ಇರದು. ಆದ್ದರಿಂದ ಸರ್ಕಾರಿ ಕೇಂದ್ರಗಳ ಅಂಕಿಯನ್ನು ಇಡೀ ತಾಲ್ಲೂಕಿನ ಚಿತ್ರವೆಂದು ಓದಬಾರದು.

ಅಗತ್ಯ, ಅನಗತ್ಯ

ಹಾವು ಕಡಿತದ ಪ್ರತಿವಿಷ, ರೇಬಿಸ್ ಲಸಿಕೆ, ಇನ್ಸುಲಿನ್: ಇವಕ್ಕೆ ಸೂಜಿಯೇ ದಾರಿ. ನಿಲ್ಲದ ವಾಂತಿ, ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲೂ ಮಾತ್ರೆ ನಡೆಯದು. ನುಂಗಬಲ್ಲವರ ಸಾಮಾನ್ಯ ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರೆ ಸಾಕು. ಗಂಟೆಯೊಳಗೆ ಕೆಲಸ ಆರಂಭಿಸುತ್ತದೆ. ‘ಸುಸ್ತು’ ಎಂದು ಹಾಕಿಸಿಕೊಳ್ಳುವ ಶೇ. 5ರ ಅರ್ಧ ಲೀಟರ್ ಗ್ಲೂಕೋಸ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ, ಶಕ್ತಿ 100 ಕ್ಯಾಲೊರಿಯೊಳಗೆ. ಭೇದಿಯಲ್ಲಿ ಕುಡಿಯಬಲ್ಲವರಿಗೆ ಓಆರ್‌ಎಸ್ ಸಾಕು: ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಂ, ಸಿಟ್ರೇಟ್ ಲವಣಗಳು.

ಅಪಾಯ

ಕೀವುಗಟ್ಟುವುದು, ಪೃಷ್ಠದಲ್ಲಿ ತಪ್ಪು ಜಾಗಕ್ಕೆ ಚುಚ್ಚಿ ನರ ಘಾಸಿಯಾಗುವುದು, ಸೋಂಕು ಹರಡುವುದು ಮುಖ್ಯವಾದವು. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಸಿರಿಂಜುಗಳ ಮರುಬಳಕೆಯಿಂದ ಹೆಪಟೈಟಿಸ್ ಬಿ ಹಬ್ಬಿ ಹಲವರು ಸತ್ತರು.

ಮಾತ್ರೆಯ ಮಿತಿ

ಸೂಜಿ ರೋಗಿಯ ಕಣ್ಣೆದುರೇ ಮುಗಿಯುತ್ತದೆ. ಮಾತ್ರೆ ಮನೆಯಲ್ಲಿ ಮುಗಿಯಬೇಕು. ಜ್ವರ ಇಳಿದೊಡನೆ ಉಳಿದವು ಗೂಡು ಸೇರುವುದುಂಟು. ಕವರಿನ ಮೇಲಿನ ‘1-0-1’ ಓದಲಾಗದವರಿಗೆ, ಬೆಳಗ್ಗೆ ಒಂದು ರಾತ್ರಿ ಒಂದು ಎಂದು ಹೇಳಿ, ಅದನ್ನು ಅವರ ಬಾಯಲ್ಲೇ ಒಮ್ಮೆ ಹೇಳಿಸುವುದೂ ಔಷಧ ಕೊಡುವವರ ಕೆಲಸದೊಳಗೇ ಬರುತ್ತದೆ.