ವಿಚಿಟಾದ ಐದು ಸೆಂಟಿನ ಕೋಟೆ

ವಾಲ್ಟರ್ ಆಂಡರ್ಸನ್ ಎಂದರೆ ಹ್ಯಾಂಬರ್ಗರ್ ದಿನವೂ ತಿನ್ನುವ ಅಮೆರಿಕದವರಲ್ಲೂ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ. ಅವರಿಗೆ ಮೆಕ್‌ಡೊನಾಲ್ಡ್ಸ್ ಗೊತ್ತು, ಅದನ್ನು ಲೋಕವಿಡೀ ಹರಡಿದ ರೇ ಕ್ರಾಕ್ ಗೊತ್ತು. ಅದಕ್ಕೂ ಎಷ್ಟೋ ವರ್ಷ ಮೊದಲು ಕಾನ್ಸಾಸ್ ರಾಜ್ಯದ ವಿಚಿಟಾ ಪಟ್ಟಣದಲ್ಲಿ ಬಿಸಿ ಕಾವಲಿಯ ಮುಂದೆ ನಿಂತು ಈ ಇಡೀ ಉದ್ಯಮಕ್ಕೆ ದಾರಿ ಮಾಡಿದವನು ಆಂಡರ್ಸನ್. ನನ್ನ ಅಪ್ಪ ಮಂಗಳೂರಿನ ಒಂದು ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದವರು. ಹಾಗಾಗಿ ಹೋಟೆಲುಗಳ ಚರಿತ್ರೆ ಓದುವಾಗ ನನ್ನ ಕಣ್ಣು ಗಲ್ಲಾಪೆಟ್ಟಿಗೆಯ ಕಡೆಗಿಂತ ಮೊದಲು ಒಲೆಯ ಕಡೆಗೆ ಹೋಗುತ್ತದೆ. ಒಹಾಯೋದ ಕೊಲಂಬಸ್‌ನಲ್ಲಿ ಕೆಲಸದಲ್ಲಿದ್ದಾಗ ಆಂಡರ್ಸನ್ ಪಾಲುದಾರನಾಗಿ ಶುರುಮಾಡಿದ, ಆ ಊರಿನಲ್ಲೇ ಕೇಂದ್ರ ಕಚೇರಿಯಿರುವ ಹ್ಯಾಂಬರ್ಗರ್ ಸರಣಿ ವೈಟ್ ಕ್ಯಾಸಲ್‌ನ ಅಂಗಡಿಗಳಿಗೆ ಹೋಗುತ್ತಿದ್ದೆ. ತಿನ್ನುವುದಕ್ಕಿಂತ ಹೆಚ್ಚಾಗಿ, ಕೆಲಸ ನೋಡುವುದಕ್ಕೆ.

ಕಥೆ ಶುರುವಾಗುವುದು ಒಂದು ಹೆದರಿಕೆಯಿಂದ. 1906ರಲ್ಲಿ ಅಪ್ಟನ್ ಸಿಂಕ್ಲೇರ್ ಪ್ರಕಟಿಸಿದ ‘ದಿ ಜಂಗಲ್’ ಕಾದಂಬರಿ ಶಿಕಾಗೋದ ಮಾಂಸದ ಕಾರ್ಖಾನೆಗಳೊಳಗಿನ ಹೊಲಸನ್ನು ಜನರ ಮುಂದಿಟ್ಟಿತು. ಅದೇ ವರ್ಷ ಸರ್ಕಾರ ಮಾಂಸ ತಪಾಸಣೆಯ ಕಾನೂನು ತಂದಿತು. ಆದರೆ ಕಾನೂನು ಬಂದ ಮಾತ್ರಕ್ಕೆ ಜನರ ಅಸಹ್ಯ ಹೋಗಲಿಲ್ಲ. ಅದರಲ್ಲೂ ಕೊಚ್ಚಿದ ಮಾಂಸವೆಂದರೆ ಹಳಸಿದ್ದು, ಮಾರಾಟವಾಗದೆ ಉಳಿದದ್ದು, ಏನೇನೋ ಬೆರೆಸಿದ್ದು ಎಂಬ ಸಂಶಯ. ಹ್ಯಾಂಬರ್ಗರ್ ಆಗ ಜಾತ್ರೆಯಲ್ಲಿ, ಕಾರ್ಖಾನೆ ಗೇಟಿನ ತಳ್ಳುಗಾಡಿಯಲ್ಲಿ ಸಿಗುವ ತಿಂಡಿ. ಮರ್ಯಾದಸ್ಥರು ಅದರ ಹತ್ತಿರ ಸುಳಿಯುತ್ತಿರಲಿಲ್ಲ.

ಆಂಡರ್ಸನ್ ಅಡುಗೆಯವನಾಗಿ ದುಡಿದು, 1916ರಲ್ಲಿ ವಿಚಿಟಾದಲ್ಲಿ ತನ್ನದೇ ಪುಟ್ಟ ಅಂಗಡಿ ಇಟ್ಟ. ಅವನ ಕೈಚಳಕ ಹೀಗಿತ್ತು: ದಪ್ಪ ಉಂಡೆ ಬೇಯಲು ಹೊತ್ತು ಹಿಡಿಯುತ್ತದೆಂದು ಅದನ್ನು ಸಟ್ಟುಗದಿಂದ ತೆಳ್ಳಗೆ ಒತ್ತುವುದು, ಕಾವಲಿಯ ಕಾವು ಏರಿಸುವುದು, ಜೊತೆಗೆ ಹೆಚ್ಚಿದ ಈರುಳ್ಳಿ ಹಾಕುವುದು. ಅದಕ್ಕೆಂದೇ ಮಾಡಿಸಿದ ಬನ್ನನ್ನು ಮೇಲೆ ಮುಚ್ಚಿದರೆ ಈರುಳ್ಳಿಯ ಹಬೆಯೆಲ್ಲ ಬನ್ನಿಗೆ ಇಳಿಯುತ್ತದೆ. ಬೆಲೆ ಐದು ಸೆಂಟು. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಮಾಂಸವನ್ನು ಅವನು ಗಿರಾಕಿಯ ಕಣ್ಣೆದುರಿಗೇ ಕೊಚ್ಚುತ್ತಿದ್ದ. ಹೆದರಿದ ಮನುಷ್ಯನಿಗೆ ಭಾಷಣ ಮಾಡದೆ, ಪದಾರ್ಥವನ್ನೇ ತೋರಿಸಿದ. ವೈಟ್ ಕ್ಯಾಸಲ್‌ನ ನಿಜವಾದ ಆವಿಷ್ಕಾರ ಇದು ಎಂದೇ ನನ್ನ ನಂಬಿಕೆ. ಆಮೇಲೆ ಬಂದದ್ದೆಲ್ಲ ಇದರ ವಿಸ್ತರಣೆ.

ವಿಸ್ತರಿಸಿದವನು ಎಡ್ಗರ್ ವಾಲ್ಡೊ ಇಂಗ್ರಾಮ್. ಎಲ್ಲರೂ ಬಿಲ್ಲಿ ಎನ್ನುತ್ತಿದ್ದ ಈತ ವಿಮೆ ಮತ್ತು ಜಾಗದ ವ್ಯವಹಾರದವನು. 1921ರಲ್ಲಿ ಇಬ್ಬರೂ ಸೇರಿ 700 ಡಾಲರ್ ಸಾಲ ತಂದು ಮೊದಲ ವೈಟ್ ಕ್ಯಾಸಲ್ ಕಟ್ಟಿದರು. ಸಾಲ ಮೂರೇ ತಿಂಗಳಲ್ಲಿ ತೀರಿತು. ಬಿಳಿ ಬಣ್ಣ ಶುಚಿತ್ವಕ್ಕೆ, ಕೋಟೆ ಗಟ್ಟಿತನಕ್ಕೆ ಎಂದು ಹೆಸರು ಆರಿಸಿದ್ದು ಇಂಗ್ರಾಮ್. ಕಟ್ಟಡಕ್ಕೆ ಮಾದರಿಯಾದದ್ದು 1871ರ ಮಹಾ ಬೆಂಕಿಯಲ್ಲೂ ಉಳಿದುಕೊಂಡ ಶಿಕಾಗೋದ ನೀರಿನ ಗೋಪುರ. ಬಿಳಿ ಗೋಡೆ, ಕೋಟೆಯ ತೆನೆ, ಒಳಗೆ ಕೆಲವೇ ಸ್ಟೂಲು, ಎದುರಿಗೇ ಕಾವಲಿ. ಬಿಳಿ ಅಂಗಿ ತೊಟ್ಟ ಕೆಲಸದವರು ಉಗುರು, ಕೂದಲು, ಗಡ್ಡ ಸರಿಯಾಗಿದೆಯೇ ಎಂದು ತಲೆಯಿಂದ ಕಾಲಿನವರೆಗೆ ನೋಡಿಕೊಂಡೇ ಕೌಂಟರಿಗೆ ಬರಬೇಕಿತ್ತು.

ನನ್ನ ಅಪ್ಪ ನಿಂತಿದ್ದದ್ದು ಹೊಗೆ ಹಿಡಿದ ಹಿಂದಿನ ಕೋಣೆಯಲ್ಲಿ. ಅವರ ದೋಸೆ ಹೊಗಳಿದವರು ಅವರ ಮುಖ ನೋಡಿರಲಿಲ್ಲ. ಅಡುಗೆಯವನು ಊಟದವರ ಎದುರು ನಿಂತಾಗ ಇಬ್ಬರ ನಡವಳಿಕೆಯೂ ಬದಲಾಗುತ್ತದೆ ಎಂಬುದು ನನಗೆ ತಿಳಿದದ್ದು ಕೊಲಂಬಸ್‌ನ ಆ ಕೌಂಟರುಗಳಲ್ಲಿ.

ಇಂಗ್ರಾಮ್ ಪ್ರಚಾರದಲ್ಲಿ ನಿಸ್ಸೀಮ. 1930ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ವೈದ್ಯ ವಿದ್ಯಾರ್ಥಿಯೊಬ್ಬನಿಗೆ 13 ವಾರ ವೈಟ್ ಕ್ಯಾಸಲ್ ಹ್ಯಾಂಬರ್ಗರ್ ಮತ್ತು ನೀರು ಬಿಟ್ಟು ಬೇರೇನೂ ಕೊಡದೆ ಪರೀಕ್ಷೆ ಮಾಡಿಸಿದ. ಹುಡುಗ ಆರೋಗ್ಯವಾಗಿಯೇ ಇದ್ದ. ಕಂಪನಿ ಅದನ್ನು ಚೆನ್ನಾಗಿ ಬಳಸಿಕೊಂಡಿತು. ಒಬ್ಬನೇ ಹುಡುಗನ ಮೇಲೆ, ಮಾರುವವನೇ ಹಣ ಕೊಟ್ಟು ಮಾಡಿಸಿದ ಇಂಥ ಪರೀಕ್ಷೆ ಏನನ್ನೂ ಸಾಬೀತು ಮಾಡುವುದಿಲ್ಲ. ಆಂಡರ್ಸನ್ ತೋರಿಸಿದ ಮಾಂಸದಲ್ಲಿದ್ದ ಪ್ರಾಮಾಣಿಕತೆ ಇದರಲ್ಲಿ ನನಗೆ ಕಾಣುವುದಿಲ್ಲ. ಅದೇ ಕಾಲದಲ್ಲಿ ‘ಜೂಲಿಯಾ ಜಾಯ್ಸ್’ ಎಂಬ ಹೆಸರಿನಲ್ಲಿ ಒಬ್ಬ ಮಹಿಳೆಯನ್ನು ನೇಮಿಸಿ, ಗೃಹಿಣಿಯರ ಸಂಘಗಳಿಗೆ ಹ್ಯಾಂಬರ್ಗರ್ ಚೀಲಗಳೊಂದಿಗೆ ಕಳಿಸಿದರು. ಬಿಸಾಡಬಹುದಾದ ಕಾಗದದ ಟೋಪಿಗೆ, ಪಿಂಗಾಣಿ ಲೇಪದ ಉಕ್ಕಿನ ಕಟ್ಟಡಗಳಿಗೆ ತಮ್ಮದೇ ಕಾರ್ಖಾನೆ ಹಾಕಿದರು. ಈ ಯಶಸ್ಸನ್ನು ನೋಡಿದವರು ನಕಲು ಮಾಡಿದರು. 1926ರಲ್ಲಿ ಮಿಲ್ವಾಕಿಯಲ್ಲಿ ಹುಟ್ಟಿದ ವೈಟ್ ಟವರ್ ಕಟ್ಟಡವನ್ನೂ ಹೆಸರನ್ನೂ ಅನುಕರಿಸಿತು. ವ್ಯಾಜ್ಯ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ನಡೆದು ವೈಟ್ ಕ್ಯಾಸಲ್ ಗೆದ್ದಿತು.

ಅಷ್ಟು ಹೊತ್ತಿಗೆ ಆಂಡರ್ಸನ್ ಹೊರಬಿದ್ದಿದ್ದ. ವಿಮಾನ ಹಾರಿಸುವುದು ಅವನಿಗೆ ಪ್ರಾಣ, ವಿಚಿಟಾ ಹೇಗೂ ವಿಮಾನ ಕಟ್ಟುವ ಊರು. 1933ರಲ್ಲಿ ತನ್ನ ಪಾಲನ್ನು ಇಂಗ್ರಾಮ್‌ಗೆ ಮಾರಿದ. ಮರುವರ್ಷ ಕಚೇರಿ ಕೊಲಂಬಸ್‌ಗೆ ಹೋಯಿತು, 1938ರಲ್ಲಿ ಕಂಪನಿ ಹುಟ್ಟಿದೂರನ್ನೇ ಬಿಟ್ಟಿತು.

ಎರಡನೇ ಮಹಾಯುದ್ಧ ದೊಡ್ಡ ಪೆಟ್ಟು ಕೊಟ್ಟಿತು. ಮಾಂಸಕ್ಕೆ ರೇಷನ್, ಗಂಡಸರೆಲ್ಲ ಸೈನ್ಯಕ್ಕೆ. ಗಂಡಸರೇ ನಿಲ್ಲಬೇಕೆಂಬ ಹಟ ಬಿಟ್ಟು ಕಾವಲಿಯ ಮುಂದೆ ಹೆಂಗಸರನ್ನು ನಿಲ್ಲಿಸಬೇಕಾಯಿತು. ಯುದ್ಧದ ನಂತರ ಬಂದ ಒಂದು ಬದಲಾವಣೆ ನನಗೆ ಬಹಳ ಇಷ್ಟ: ಮಾಂಸದ ಚೌಕಕ್ಕೆ ಐದು ತೂತು. ಹಬೆ ತೂತಿನಿಂದ ಮೇಲೇರಿ ಮಾಂಸ ಬೇಗ ಬೇಯುತ್ತದೆ, ಮಗುಚುವ ಕೆಲಸವೇ ಇಲ್ಲ. ಸಿನ್ಸಿನಾಟಿಯ ಒಬ್ಬ ಕೆಲಸದವನು ಸಲಹಾ ಪೆಟ್ಟಿಗೆಗೆ ಹಾಕಿದ ಚೀಟಿಯಿಂದ ಬಂದ ವಿಚಾರವಂತೆ. ದಿನವಿಡೀ ಮಗುಚಿ ಮಣಿಕಟ್ಟು ನೋಯಿಸಿಕೊಂಡವನಿಗೇ ಇದು ಹೊಳೆಯಬೇಕು.

1961ರಲ್ಲಿ ಕಂಪನಿ ನೂರು ಕೋಟಿ ಹ್ಯಾಂಬರ್ಗರ್ ಮಾರಿದ ಮೊದಲ ಸರಣಿಯಾಯಿತು. ಎರಡು ವರ್ಷ ಕಳೆದು, 1963ರ ಬೇಸಗೆಯಲ್ಲಿ, ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಇದೇ ಅಂಗಡಿಯ ಮುಂದೆ ನಾಗರಿಕ ಹಕ್ಕುಗಳ ಹೋರಾಟಗಾರರು ಧರಣಿ ಕೂತರು. ಕರಿಯರಿಗೂ ಪೋರ್ಟೊರಿಕೋದವರಿಗೂ ಕೆಲಸ ಕೊಡಿ ಎಂಬುದು ಅವರ ಬೇಡಿಕೆ. ಎದುರು ಗುಂಪೊಂದು ಅವರ ಮೇಲೆ ಕೂಗಾಡಿತು. ಐದು ಸೆಂಟಿಟ್ಟ ಯಾರಿಗೂ ತಿಂಡಿ ಕೊಡುತ್ತೇವೆಂದು ಬೆಳೆದ ಅಂಗಡಿ, ಕೌಂಟರಿನ ಒಳಗೆ ಯಾರು ನಿಲ್ಲಬಹುದು ಎಂಬ ಪ್ರಶ್ನೆಗೆ ಅಷ್ಟು ತಡವಾಗಿ ಉತ್ತರಿಸಬೇಕಾಯಿತು. ಕಂಪನಿಯ ಚರಿತ್ರೆ ಹೇಳುವವರು ಇದನ್ನು ದಾಟಿಹೋಗಬಾರದು.

ಸಂಖ್ಯೆಯಲ್ಲಿ ಮೆಕ್‌ಡೊನಾಲ್ಡ್ಸ್ ಎಲ್ಲಿಗೋ ಹೋಯಿತು. ಅಮೆರಿಕದಲ್ಲಿ ಅಂಗಡಿಗಳನ್ನು ಫ್ರಾಂಚೈಸಿ ಕೊಟ್ಟು ಹರಡಲು ಇಂಗ್ರಾಮ್ ಮನೆತನ ಒಪ್ಪಲಿಲ್ಲ. ಬಿಲ್ಲಿ 1966ರಲ್ಲಿ ತೀರಿಕೊಂಡ. ಈಗ ಕಂಪನಿಯನ್ನು ನಡೆಸುತ್ತಿರುವುದು ಅವನ ಮರಿಮಗಳು. ಕಂಪನಿ ಮನೆತನದ ಕೈಯಲ್ಲೇ ಉಳಿದದ್ದರಿಂದ ಅದರ ಕಥೆಯಲ್ಲಿ ಇಂಗ್ರಾಮ್ ಹೆಸರು ಮುಂದೆ ಬಂದದ್ದು ಸಹಜ. ಸ್ಲೈಡರ್ ಎಂದು ಕರೆಯುವ ಈ ಪುಟ್ಟ ಹ್ಯಾಂಬರ್ಗರ್ 2018ರಲ್ಲಿ ಸಸ್ಯಜನ್ಯ ಮಾಂಸದಲ್ಲೂ ಬಂತು. ಮೂಲ ಸ್ಲೈಡರ್ ಮಾತ್ರ ಇವತ್ತಿಗೂ ಬೇಯುವುದು ಈರುಳ್ಳಿಯ ಹಬೆಯಲ್ಲೇ, ಬನ್ನು ಮೇಲೆ ಮುಚ್ಚಿಕೊಂಡೇ. ಆ ಪಾಕ ಇಂಗ್ರಾಮ್‌ನದಲ್ಲ, ಆಂಡರ್ಸನ್‌ನದು.